ವಿಯೆನ್ನಾ ಹತ್ತಿರ

ವಿದೇಶಕ್ಕೆ ಹೋಗಿ ಬಂದವರನ್ನು ನಮ್ಮ ಉಪ್ಪಾರಹಳ್ಳಿಯ ಬೀದಿಯಲ್ಲಿ ಮಾತನಾಡಿಸುವುದಕ್ಕೆ ಒಂದು ಕ್ರಮವಿದೆ. ಮೊದಲು ‘ಯಾವ ದೇಶ?’ ಎನ್ನುತ್ತಾರೆ. ಆಮೇಲೆ ‘ಚಳಿ ಇತ್ತಾ?’ ಎನ್ನುತ್ತಾರೆ. ಮೂರನೆಯದಾಗಿ ದನಿ ತಗ್ಗಿಸಿ ‘ಊಟಕ್ಕೆ ಏನು ಮಾಡಿದ್ರಿ?’ ಎನ್ನುತ್ತಾರೆ. ನನ್ನ ವಿಷಯದಲ್ಲಿ ಮಾತು ಮೊದಲ ಪ್ರಶ್ನೆಯಲ್ಲೇ ಮುಗ್ಗರಿಸುತ್ತಿತ್ತು. ‘ಸ್ಲೊವಾಕಿಯಾ’ ಎಂದ ಕೂಡಲೇ ಎದುರಿಗಿದ್ದವರ ಮುಖದ ಮೇಲೆ, ಪಾಠ ಓದದೆ ಬಂದ ಹುಡುಗಿಯ ಮುಖದಲ್ಲಿ ಕಾಣುವ ಒಂದು ಬಗೆಯ ನಗು ಮೂಡುತ್ತಿತ್ತು. ಎದುರುಮನೆಯಾಕೆ ‘ಅದೇ ರೀ, ಸ್ವಿಟ್ಜರ್ಲೆಂಡ್ ಪಕ್ಕ’ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು ‘ಯುಗೊಸ್ಲಾವಿಯಾ ಒಡೆದಾಗ ಹುಟ್ಟಿದ್ದಲ್ಲವಾ ಮೇಡಂ?’ ಎಂದರು. ‘ಅಲ್ಲ ಸಾರ್, ಚೆಕೊಸ್ಲೊವಾಕಿಯಾ. ಅದು ಒಡೆದದ್ದಲ್ಲ, ಪಾಲಾದದ್ದು. 1993ರ ಜನವರಿ ಒಂದನೇ ತಾರೀಕು, ಅಣ್ಣತಮ್ಮಂದಿರು ಜಗಳವಿಲ್ಲದೆ ಹಿಸ್ಸೆ ಮಾಡಿಕೊಂಡ ಹಾಗೆ ಎರಡಾಯಿತು’ ಎಂದು ನಾನು ಸಮಾಜ ವಿಜ್ಞಾನದ ಟೀಚರ್ ಆಗಿಬಿಟ್ಟೆ. ಅವರು ಅಟೆಂಡೆನ್ಸ್ ಪುಸ್ತಕ ತೆಗೆದುಕೊಂಡು ಎದ್ದು ಹೋದರು.

ನಿಜ ಹೇಳಬೇಕೆಂದರೆ, ಹೋಗುವ ಮೊದಲು ನಾನೂ ಅವರ ಹಾಗೇ ಇದ್ದೆ. ಇನ್ನೂ ನಿಜ ಹೇಳಬೇಕೆಂದರೆ, ಅವರಿಗಿಂತ ಕೆಟ್ಟದಾಗಿದ್ದೆ. ಅದನ್ನು ಬರೆಯಬೇಕೆಂದೇ ಈ ಕಾಗದ ಹಿಡಿದು ಕುಳಿತಿದ್ದೇನೆ.

ನನಗೆ ಇಬ್ಬರು ಮಕ್ಕಳು. ಮಗ ಎಂಜಿನಿಯರಿಂಗ್ ಓದಿ ಅಮೆರಿಕದಲ್ಲಿದ್ದಾನೆ. ಮಗಳು ತುಮಕೂರಿನಲ್ಲೇ ಬಿ.ಕಾಂ. ಮಾಡಿ, ಬೆಂಗಳೂರಿನ ಕಂಪನಿಯೊಂದರ ಲೆಕ್ಕಪತ್ರ ವಿಭಾಗಕ್ಕೆ ದಿನಾ ಬೆಳಿಗ್ಗೆ ರೈಲು ಹತ್ತಿ ಹೋಗಿ ರಾತ್ರಿ ಬರುತ್ತಿದ್ದವಳು. ಮದುವೆಯಾದ ಮೇಲೆ 2018ರಲ್ಲಿ ಅದೇ ಕಂಪನಿಯವರು ಅವಳನ್ನು ಬ್ರಾಟಿಸ್ಲಾವಾಕ್ಕೆ ಕಳಿಸಿದರು. ಅಳಿಯಂದಿರೂ ಅಲ್ಲೇ ಕೆಲಸ ಹುಡುಕಿಕೊಂಡು ಹೋದರು. ಮಕ್ಕಳು ಎಲ್ಲಿದ್ದಾರೆ ಎಂದು ಯಾರಾದರೂ ಕೇಳಿದರೆ ನನ್ನ ಬಾಯಿಗೆ ಅಭ್ಯಾಸವಾಗಿದ್ದ ಉತ್ತರ ಒಂದೇ: ‘ಮಗ ಅಮೆರಿಕದಲ್ಲಿ ಇದ್ದಾನೆ. ಮಗಳೂ ಫಾರಿನ್ನಿನಲ್ಲೇ.’ ಆ ‘ಊ’ ಎಂಬ ಒಂದು ದೀರ್ಘಾಕ್ಷರದಲ್ಲಿ ನಾನು ನನ್ನ ಮಗಳನ್ನು ಮೂವತ್ತು ವರ್ಷ ಸುತ್ತಿಟ್ಟಿದ್ದೆ ಎಂಬುದು ನನಗೆ ಗೊತ್ತೇ ಇರಲಿಲ್ಲ.

2023ರ ಬೇಸಿಗೆ ರಜೆಗೆ ಬರಬೇಕೆಂದು ಮಗಳು ಹಟ ಹಿಡಿದಳು. ನಮ್ಮವರು ಬರುವಂತಿರಲಿಲ್ಲ, ನಮ್ಮ ಅತ್ತೆಯವರಿಗೆ ಎಂಬತ್ತೈದು ದಾಟಿದೆ. ‘ನೀನು ಹೋಗಿ ಬಾ, ನಾನು ಅಮ್ಮನಿಗೆ ಗಂಜಿ ಕಾಯಿಸಬಲ್ಲೆ’ ಎಂದರು. ನಾನು ಒಪ್ಪಿದ್ದಕ್ಕೆ ಇನ್ನೊಂದು ಗುಟ್ಟಿನ ಕಾರಣವೂ ಇತ್ತು. ವಿಮಾನ ಇಳಿಯುವುದು ವಿಯೆನ್ನಾದಲ್ಲಿ ಎಂದು ಅಳಿಯಂದಿರು ಹೇಳಿದ್ದರು. ವಿಯೆನ್ನಾ! ಅರಮನೆಗಳ ಊರು, ಸಂಗೀತದ ಊರು, ವಿಯೆನ್ನಾ ಸಮ್ಮೇಳನದ ಊರು. ವರ್ಷಾನುವರ್ಷ ಬೋರ್ಡಿನ ಮೇಲೆ ಬರೆದ ಹೆಸರು. ನನ್ನ ಲೆಕ್ಕದಲ್ಲಿ ನಾನು ಹೊರಟಿದ್ದು ಅಲ್ಲಿಗೆ.

ವಿಯೆನ್ನಾ ವಿಮಾನ ನಿಲ್ದಾಣದಲ್ಲಿ ಮಗಳು ನನ್ನನ್ನು ಅಪ್ಪಿಕೊಂಡು, ಬಾಗಿಲಲ್ಲೇ ನಿಂತಿದ್ದ ಬಸ್ಸಿಗೆ ಹತ್ತಿಸಿದಳು. ಗಾಳಿಯಂತ್ರಗಳು ತಿರುಗುತ್ತಿದ್ದ ಹಸಿರು ಬಯಲಿನ ನಡುವೆ ಮುಕ್ಕಾಲು ಗಂಟೆ. ಎಲ್ಲೋ ಒಂದು ಕಡೆ ದೇಶ ಬದಲಾಯಿತಂತೆ. ಬಸ್ಸು ನಿಲ್ಲಲಿಲ್ಲ, ಯಾರೂ ಏನೂ ಕೇಳಲಿಲ್ಲ. ನಮ್ಮಲ್ಲಿ ಟೋಲ್ ಗೇಟಿನಲ್ಲಾದರೂ ಒಂದು ಗಳಿಗೆ ನಿಲ್ಲಿಸುತ್ತಾರೆ. ಆಮೇಲೆ ಒಂದು ದೊಡ್ಡ ನದಿ, ನದಿಯ ದಡದ ಗುಡ್ಡದ ಮೇಲೆ ನಾಲ್ಕು ಮೂಲೆಗೆ ನಾಲ್ಕು ಗೋಪುರವಿದ್ದ ಬಿಳಿ ಕೋಟೆ, ಥೇಟ್ ಅಡಿಮೇಲು ಮಾಡಿಟ್ಟ ಮೇಜಿನ ಹಾಗೆ. ‘ಬಂತಮ್ಮ ನಮ್ಮೂರು’ ಎಂದಳು ಮಗಳು. ‘ನಮ್ಮೂರು’ ಎಂದಳಲ್ಲ ಎಂದು ನನಗೆ ಚುರುಕ್ಕೆಂದಿತು. ಮಾರನೆಯ ದಿನ ಹಳೇ ಪೇಟೆಯನ್ನೆಲ್ಲ ಸುತ್ತಿಸಿದಳು. ಒಂದೂವರೆ ಗಂಟೆಯಲ್ಲಿ ಮುಗಿದುಹೋಯಿತು. ‘ಇಷ್ಟೇನಾ?’ ಎಂದುಬಿಟ್ಟೆ. ಅವಳು ಏನೂ ಹೇಳಲಿಲ್ಲ. ಇಡೀ ಊರಿನ ಜನಸಂಖ್ಯೆ ಐದು ಲಕ್ಷ ಮುಟ್ಟುವುದಿಲ್ಲ. ದೇಶದ ರಾಜಧಾನಿಯಂತೆ!

ಮೂರನೆಯ ದಿನ ಬೆಂಗಳೂರಿನಿಂದ ನನ್ನ ತಂಗಿ ವಿಡಿಯೋ ಕಾಲ್ ಮಾಡಿದಳು. ನಾವು ಚೌಕದಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದೆವು. ‘ಎಲ್ಲಿದೀಯೇ ಅಕ್ಕ, ಹಿಂದೆ ಎಷ್ಟು ಚೆನ್ನಾಗಿ ಕಾಣ್ತಿದೆ!’ ಎಂದಳು. ನಾನು ಹೇಳಿದೆ: ‘ವಿಯೆನ್ನಾ ಹತ್ತಿರ ಕಣೇ.’

ಫೋನಿಟ್ಟ ಮೇಲೆ ಮಗಳು ಸಕ್ಕರೆಯ ಪೊಟ್ಟಣವನ್ನು ಮಡಿಸುತ್ತ, ನನ್ನ ಮುಖ ನೋಡದೆ ಕೇಳಿದಳು: ‘ಅಮ್ಮ, ಯಾರಾದರೂ ತುಮಕೂರನ್ನು ಬೆಂಗಳೂರ ಹತ್ತಿರ ಅಂದರೆ ನೀನು ಏನು ಮಾಡ್ತಿದ್ದೆ?’

ಏನು ಮಾಡುತ್ತಿದ್ದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೆಂಗಳೂರಿನ ತರಬೇತಿ ಶಿಬಿರವೊಂದರಲ್ಲಿ ಒಬ್ಬಾಕೆ ‘ತುಮಕೂರಾ? ಬೆಂಗಳೂರಿಗೇ ಸೇರಿಕೊಂಡ ಹಾಗಾಯ್ತು ಬಿಡಿ’ ಎಂದಿದ್ದಕ್ಕೆ ನಾನು ಹತ್ತು ನಿಮಿಷ ಭಾಷಣ ಮಾಡಿದ ಕಥೆ ನಮ್ಮ ಮನೆಯಲ್ಲಿ ಪುರಾಣವಾಗಿದೆ. ಸಿದ್ಧಗಂಗೆಯ ದಾಸೋಹ, ದೇವರಾಯನದುರ್ಗ, ನಾಮದ ಚಿಲುಮೆ, ಗುಬ್ಬಿ ವೀರಣ್ಣನವರ ನಾಟಕ ಕಂಪನಿ, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಎಲ್ಲವನ್ನೂ ಸಾಲಾಗಿ ಒಪ್ಪಿಸಿ, ‘ಬೆಂಗಳೂರು ತುಮಕೂರಿನ ಹತ್ತಿರ ಇದೆ ಎನ್ನಿ’ ಎಂದು ಮುಗಿಸಿದ್ದೆ. ಅಳತೆ ಹಾಕಿ ನೋಡಿದರೆ ಬೆಂಗಳೂರಿಗೂ ತುಮಕೂರಿಗೂ ಎಪ್ಪತ್ತು ಕಿಲೋಮೀಟರು, ವಿಯೆನ್ನಾಗೂ ಬ್ರಾಟಿಸ್ಲಾವಾಗೂ ಅರವತ್ತು. ಅಲ್ಲಿಯೂ ಬೆಳಿಗ್ಗೆ ರೈಲು ಹತ್ತಿ ದೊಡ್ಡ ಊರಿಗೆ ದುಡಿಯಲು ಹೋಗಿ ಸಂಜೆ ಮರಳುವವರಿದ್ದಾರೆ. ಉಪ್ಪಾರಹಳ್ಳಿ ಮೇಲ್ಸೇತುವೆಯ ಕೆಳಗೆ ಹಾದುಹೋಗುವ ರೈಲುಗಳಲ್ಲಿ ಕುಳಿತೋ ನಿಂತೋ ಎಷ್ಟು ವರ್ಷ ಓಡಾಡಿದವಳು ನನ್ನ ಮಗಳು! ಅವಳಿಗೆ ಆ ಊರು ಅಪರಿಚಿತವೆನಿಸಲಿಲ್ಲ ಎಂಬುದರಲ್ಲಿ ಆಶ್ಚರ್ಯವೇನು?

‘ನೀನು ಅಣ್ಣನ ಮನೆಗೆ ಹೋಗಿ ಬಂದಾಗ ನ್ಯೂಯಾರ್ಕ್ ಹತ್ತಿರ ಅನ್ನಲಿಲ್ಲ ಅಮ್ಮ. ಅವನ ಊರಿನ ಹೆಸರು, ಅವನ ಬೀದಿಯ ಹೆಸರು, ಎಲ್ಲಾ ಹೇಳ್ತಿದ್ದೆ’ ಎಂದಳು. ಜಗಳದ ದನಿಯಲ್ಲಲ್ಲ. ಅವಳು ಚಿಕ್ಕಂದಿನಿಂದಲೂ ಜಗಳವಾಡಿದವಳಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ ಎಪ್ಪತ್ತೆಂಟು ಪರ್ಸೆಂಟ್ ಬಂದಾಗ ನಾನು ಎಲ್ಲರಿಗೂ ಪೇಡಾ ಕೊಡುತ್ತ ‘ಅವಳಣ್ಣನಿಗೆ ತೊಂಬತ್ತೊಂದು ಬಂದಿತ್ತು’ ಎಂದಿದ್ದೆನಂತೆ. ನನಗೆ ನೆನಪೇ ಇಲ್ಲ. ಅವಳಿಗಿದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಅಲ್ಲಿ ಮೇ ತಿಂಗಳಲ್ಲಿ ರಾತ್ರಿ ಎಂಟೂವರೆಯಾದರೂ ಬೆಳಕಿರುತ್ತದೆ, ಹಾಗಾಗಿ ನಿದ್ದೆ ಬಾರದ್ದಕ್ಕೆ ಸೂರ್ಯನನ್ನು ದೂರಿದೆ. ಬೆಳಿಗ್ಗೆ ಎದ್ದು, ‘ಪುಟ್ಟೀ, ಇವತ್ತು ನಿಮ್ಮೂರನ್ನು ಇನ್ನೊಂದು ಸಲ ತೋರಿಸು. ನಿಧಾನವಾಗಿ’ ಎಂದೆ.

ಎರಡನೆಯ ಸಲ ನೋಡಿದಾಗಲೇ ಆ ಊರು ನನಗೆ ಕಂಡದ್ದು. ನೀವು ಯೂರೋಪಿಗೆ ಹೋಗುವವರಿದ್ದರೆ, ಪ್ಯಾರಿಸ್ಸು ರೋಮು ಎಂದು ಪಟ್ಟಿ ಮಾಡುವವರಿದ್ದರೆ, ಬ್ರಾಟಿಸ್ಲಾವಾಕ್ಕೂ ಎರಡು ದಿನ ಏಕೆ ಕೊಡಬೇಕೆಂದು ಈಗ ಹೇಳುತ್ತೇನೆ. ಮಕ್ಕಳಿಗೆ ‘ಕಾರಣಗಳನ್ನು ಕೊಡಿ’ ಎಂದು ಪ್ರಶ್ನೆ ಕೊಟ್ಟು ಕೊಟ್ಟು ಅಭ್ಯಾಸ. ನಾನೇ ಒಮ್ಮೆ ಉತ್ತರ ಬರೆದರೆ ತಪ್ಪೇನು?

ಮೊದಲನೆಯದು, ಅದು ಹಳೆಯ ರಾಜಧಾನಿ. ಇಂದಿನ ದೇಶದ್ದಷ್ಟೇ ಅಲ್ಲ. ಹಳೇ ಪೇಟೆಯ ಕಲ್ಲುಹಾಸಿನಲ್ಲಿ ಅಲ್ಲಲ್ಲಿ ಪುಟ್ಟ ಕಿರೀಟದ ಹಿತ್ತಾಳೆ ಗುರುತುಗಳನ್ನು ಕೂರಿಸಿದ್ದಾರೆ. ಮೊದಲ ದಿನ ನಾನು ಅವುಗಳನ್ನು ತುಳಿದುಕೊಂಡೇ ಓಡಾಡಿದ್ದೆ. ಅದು ಪಟ್ಟಾಭಿಷೇಕದ ಮೆರವಣಿಗೆಯ ದಾರಿ. ತುರ್ಕರು ಬುಡಾ ಪ್ರಾಂತ್ಯದತ್ತ ನುಗ್ಗಿದಾಗ ಹಂಗೇರಿಯವರು 1536ರಲ್ಲಿ ತಮ್ಮ ರಾಜಧಾನಿಯನ್ನು ಇಲ್ಲಿಗೆ ತಂದರು. ಆಗ ಊರಿನ ಹೆಸರು ಪ್ರೆಸ್‌ಬರ್ಗ್. ಬ್ರಾಟಿಸ್ಲಾವಾ ಎಂಬ ಹೆಸರು ಬಂದದ್ದು 1919ರಲ್ಲಿ. 1563ರಿಂದ 1830ರವರೆಗೆ ಇಲ್ಲಿನ ಸಂತ ಮಾರ್ಟಿನ್ನನ ಚರ್ಚಿನಲ್ಲಿ ಹತ್ತು ರಾಜರು, ಒಬ್ಬಳು ಆಳುವ ರಾಣಿ ಕಿರೀಟ ಧರಿಸಿದರು. ಆ ರಾಣಿಯೇ ಮರಿಯಾ ಥೆರೇಸಾ. ಪಾಠ ಮಾಡುವಾಗ ಒಂದು ಸಾಲಿನಲ್ಲಿ ದಾಟಿಸಿಬಿಡುತ್ತಿದ್ದ ಹೆಸರು. ಆ ಚರ್ಚಿನ ತಣ್ಣನೆಯ ಬೆಂಚಿನ ಮೇಲೆ ಕುಳಿತು ಮಗಳು ಹೇಳಿದ ಮೇಲೆ ಅವಳು ನನಗೆ ಹೆಣ್ಣುಮಗಳಾಗಿ ಕಂಡಳು.

ಅವಳಿಗಾಗ ಇಪ್ಪತ್ನಾಲ್ಕು ವರ್ಷ. ಗಂಡುಮಕ್ಕಳಿಲ್ಲದ ತಂದೆ ತೀರಿಕೊಂಡ ಕೂಡಲೇ, ಹೆಂಗಸೇನು ಆಳುತ್ತಾಳೆ ಎಂದು ನೆರೆಯ ಪ್ರಷ್ಯಾದ ದೊರೆ ಅವಳ ಸೀಮೆಗೆ ನುಗ್ಗಿದ್ದ. 1741ರ ಜೂನ್ 25ರಂದು ಇಲ್ಲಿ ಅವಳ ಪಟ್ಟಾಭಿಷೇಕ. ಪದ್ಧತಿಯ ಪ್ರಕಾರ ಹೊಸ ದೊರೆ ಕುದುರೆ ಏರಿ ದಿಬ್ಬ ಹತ್ತಿ, ನಾಲ್ಕು ದಿಕ್ಕಿಗೂ ಕತ್ತಿ ಝಳಪಿಸಿ, ಯಾವ ದಿಕ್ಕಿನಿಂದ ವೈರಿ ಬಂದರೂ ಕಾಯುತ್ತೇನೆ ಎಂದು ತೋರಿಸಬೇಕು. ಅದಕ್ಕಾಗಿಯೇ ಅವಳು ಕುದುರೆ ಸವಾರಿ ಅಭ್ಯಾಸ ಮಾಡಿದಳು. ಆಗ ಮನೆಯಲ್ಲಿ ಅವಳಿಗೆ ಮೂರು ತಿಂಗಳ ಕೂಸು! ಮೂರು ತಿಂಗಳ ಬಾಣಂತಿಗೆ ತಲೆಗೆ ಬಟ್ಟೆ ಕಟ್ಟಿ, ಗಾಳಿ ಸೋಕಬಾರದೆಂದು ಕೋಣೆಯಲ್ಲಿ ಕೂರಿಸುವ ನಾಡಿನವಳು ನಾನು. ಬಾಯಿ ತೆರೆದುಕೊಂಡು ಕೇಳಿದೆ. ಇನ್ನೊಂದು ವಿಷಯ ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಮೂರು ತಿಂಗಳ ಕೂಸು, ಜೋಸೆಫ್, ಬೆಳೆದು ದೊರೆಯಾಗಿ, 1783ರಲ್ಲಿ ರಾಜಧಾನಿಯನ್ನೇ ಎತ್ತಿಕೊಂಡು ಬುಡಾಕ್ಕೆ ಹೊರಟುಹೋದ. ತಾಯಿ ಪ್ರೀತಿಯಿಂದ ಕಟ್ಟಿಸಿ ಸಿಂಗರಿಸಿದ ಆ ಗುಡ್ಡದ ಕೋಟೆ ಅರಮನೆಯಾಗಿ ಉಳಿಯಲಿಲ್ಲ. ಮುಂದೆ ಅಲ್ಲಿ ಸಿಪಾಯಿಗಳು ಬೀಡುಬಿಟ್ಟರು, 1811ರಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಸುಮಾರು ನೂರ ನಲವತ್ತು ವರ್ಷ ಹಾಳುಗೋಡೆಯಾಗಿ ನಿಂತಿದ್ದನ್ನು 1950ರ ದಶಕದಲ್ಲಿ ಮತ್ತೆ ಕಟ್ಟಲು ತೊಡಗಿದರು.

ಅದೇ ಕೋಟೆಯಲ್ಲಿ ಕೆಲವು ವರ್ಷ ಮರಿಯಾ ಥೆರೇಸಾಳ ಮಗಳು ಮರಿಯಾ ಕ್ರಿಸ್ಟಿನಾ ಇದ್ದಳು. ಅವಳ ಗಂಡ ಇಲ್ಲಿನ ರಾಜಪ್ರತಿನಿಧಿ. ಹದಿನಾರು ಮಕ್ಕಳನ್ನು ಹೆತ್ತ ಆ ಮಹಾರಾಣಿ ಮಗಳನ್ನು ನೋಡಲೆಂದು ವಿಯೆನ್ನಾದಿಂದ ಗಾಡಿ ಕಟ್ಟಿಸಿಕೊಂಡು ಇಲ್ಲಿಗೆ ಬರುತ್ತಿದ್ದಳು. ಇದನ್ನು ಹೇಳಿ ಮಗಳು ಸುಮ್ಮನಾದಳು. ನಾನೂ ಸುಮ್ಮನಾದೆ. ಚಕ್ರವರ್ತಿನಿಯೇ ವಿಯೆನ್ನಾ ಬಿಟ್ಟು ಮಗಳ ಊರಿಗೆ ಬರುತ್ತಿದ್ದಳೆಂದ ಮೇಲೆ ಉಪ್ಪಾರಹಳ್ಳಿಯ ಟೀಚರಿಗೆ ಏನು ಬಿಂಕ?

ಎರಡನೆಯ ಕಾರಣ, ಆ ಊರು ತನ್ನ ಗಾಯಗಳನ್ನು ಮುಚ್ಚಿಡುವುದಿಲ್ಲ. ಹಳೆಯ ಪುರಭವನದ ಗೋಪುರದ ಗೋಡೆಯಲ್ಲಿ 1809ರಲ್ಲಿ ನೆಪೋಲಿಯನ್ನನ ಸೈನ್ಯ ಹಾರಿಸಿದ ಫಿರಂಗಿ ಗುಂಡು ಹಾಗೇ ಸಿಕ್ಕಿಕೊಂಡಿದೆ. ಕಿತ್ತು ಗಾರೆ ಬಳಿದಿಲ್ಲ. ಚರ್ಚಿನ ಬಾಗಿಲಿಗೆ ತಾಗಿದಂತೆ ಒಂದು ಹೆದ್ದಾರಿ ಹಾದು ಡಾನ್ಯೂಬ್ ಮೇಲಿನ ದೊಡ್ಡ ಸೇತುವೆಗೆ ಏರುತ್ತದೆ. 1972ರಲ್ಲಿ ಮುಗಿದ ಆ ಸೇತುವೆಯ ಕಂಬದ ತುದಿಯಲ್ಲಿ ಹಾರುವ ತಟ್ಟೆಯಂಥ ಒಂದು ಹೋಟೆಲಿದೆ, ನೋಡಲು ಬಲು ಮೋಜು. ಆದರೆ ಆ ರಸ್ತೆಗಾಗಿ ಯಹೂದಿಗಳ ಹಳೆಯ ಕೇರಿಯ ಬಹುಭಾಗವನ್ನೂ ಅವರ ದೊಡ್ಡ ಪ್ರಾರ್ಥನಾ ಮಂದಿರವನ್ನೂ ಕೆಡವಿದರು. ಆ ಕೇರಿಯ ಜನರನ್ನು ಅದಕ್ಕೂ ಮೊದಲೇ, ಎರಡನೇ ಮಹಾಯುದ್ಧದ ಕಾಲದಲ್ಲಿ, ಸಾವಿನ ಶಿಬಿರಗಳಿಗೆ ಸಾಗಿಸಿದ್ದರು. ಮಂದಿರವಿದ್ದ ಜಾಗದಲ್ಲಿ ಈಗ ಒಂದು ಸ್ಮಾರಕವಿದೆ. ‘ದಿನಾ ಈ ದಾರೀಲಿ ಹೋಗ್ತೀನಮ್ಮ. ದಿನಾ ಒಂದು ಸಲ ನೋಡ್ತೀನಿ’ ಎಂದಳು ಮಗಳು. ನಾನು ಅವಳನ್ನು ಹೊಸದಾಗಿ ನೋಡಿದೆ.

ಮೂರನೆಯದು ಭಾಷೆ. ಕನ್ನಡ ಮಾಧ್ಯಮದಲ್ಲಿ ಪಾಠ ಹೇಳಿ ತಲೆ ನೆರೆದವಳಿಗೆ ಇದು ಹತ್ತಿರದ ಮಾತು. ಆ ಊರಿನಲ್ಲಿ ದೊಡ್ಡವರು ಜರ್ಮನ್ ಆಡುತ್ತಿದ್ದರು, ಕಚೇರಿ ಹಂಗೇರಿಯನ್ನಿಗೆ ಹೊರಳುತ್ತಿತ್ತು. ಸ್ಲೊವಾಕ್ ಎಂಬುದು ಹಳ್ಳಿಯವರ ಆಡುಮಾತು. ಈ ಊರಿನ ಶಾಲೆಯಲ್ಲಿ ಕಲಿಸುತ್ತಿದ್ದ ಲ್ಯುದೊವಿತ್ ಶ್ತೂರ್ ಎಂಬ ಮೇಷ್ಟರು ತನ್ನ ಗೆಳೆಯರೊಂದಿಗೆ 1843ರಲ್ಲಿ ಆ ಆಡುಮಾತಿಗೆ ಬರಹದ ರೂಪ ಕೊಟ್ಟರು. ಮೇಷ್ಟರು ಎಂಬುದನ್ನು ದಯವಿಟ್ಟು ಗಮನಿಸಿ. ಇಂದು ಅದು ಒಂದು ದೇಶದ ಆಡಳಿತ ಭಾಷೆ. ಮಾತನಾಡುವವರು ಬೆಂಗಳೂರಿನ ಜನಸಂಖ್ಯೆಯ ಅರ್ಧದಷ್ಟೂ ಇಲ್ಲ. ಆದರೂ ಅಂಗಡಿಯ ಬೋರ್ಡಿನಿಂದ ಮಾತ್ರೆಯ ಪೊಟ್ಟಣದವರೆಗೆ ಎಲ್ಲವೂ ಅದರಲ್ಲೇ. ಟ್ರ್ಯಾಮಿನಲ್ಲಿ ಕುಳಿತು ಕಿವಿಗೊಟ್ಟರೆ ದ್ವಾ, ತ್ರಿ ಎಂಬ ಎಣಿಕೆ ಕೇಳಿಸುತ್ತದೆ. ಎರಡು, ಮೂರು! ನಮ್ಮ ಸಂಸ್ಕೃತದ ದೂರದ ದಾಯಾದಿ. ಸೋದರತ್ತೆಯ ಮಗಳನ್ನು ಅಪರಿಚಿತ ಜಾತ್ರೆಯಲ್ಲಿ ಕಂಡಷ್ಟು ಹಿಗ್ಗಿದೆ.

ನಾಲ್ಕನೆಯ ಕಾರಣ ಊಟ, ನಮ್ಮ ಬೀದಿಯವರ ಮೂರನೆಯ ಪ್ರಶ್ನೆಗೆ ಉತ್ತರ. ಹಾಲುಷ್ಕಿ ಎಂದು ಆಲೂಗಡ್ಡೆ ತುರಿದು ಹಿಟ್ಟಿನೊಂದಿಗೆ ಕಲಸಿ, ಬೆರಳ ತುದಿಯಷ್ಟು ಚೂರುಗಳನ್ನು ಕುದಿವ ನೀರಿಗೆ ಬಿಟ್ಟು ಬೇಯಿಸಿ, ಮೇಲೆ ಕುರಿ ಹಾಲಿನ ಚೀಸ್ ಬೆರೆಸುತ್ತಾರೆ. ಮಾಂಸದ ಚೂರು ಬೇಡವೆಂದು ಮೊದಲೇ ಹೇಳಬೇಕು. ಮೊದಲ ತುತ್ತಿಗೆ ಸಪ್ಪೆ, ಮೂರನೆಯ ತುತ್ತಿಗೆ ರೂಢಿ. ಆದರೆ ನನ್ನನ್ನು ಗೆದ್ದದ್ದು ಗಸಗಸೆ. ಅಲ್ಲಿಯದು ನಮ್ಮ ಹಾಗೆ ಬಿಳಿಯಲ್ಲ, ಕಡುನೀಲಿ. ಅರೆದು ಸಕ್ಕರೆ ಬೆರೆಸಿ, ಹಿಟ್ಟಿನೊಳಗೆ ತುಂಬಿ, ಕುದುರೆ ಲಾಳದಂತೆ ಬಗ್ಗಿಸಿ ಬೇಯಿಸುತ್ತಾರೆ. ನಮ್ಮ ಕಡುಬಿನ ಅಕ್ಕನ ಮಗಳು.

ಆ ಗಸಗಸೆ ತಿಂಡಿಯನ್ನು ಮೊದಲು ತಂದುಕೊಟ್ಟದ್ದು ಮಗಳ ಪಕ್ಕದ ಮನೆಯ ಅಜ್ಜಿ. ಎಪ್ಪತ್ತರ ಮೇಲಿನ ವಯಸ್ಸು, ನರ್ಸ್ ಆಗಿದ್ದು ನಿವೃತ್ತಿಯಾದವರು, ಒಬ್ಬರೇ ಇದ್ದಾರೆ. ಅವರಿಗೆ ಇಂಗ್ಲಿಷ್ ಬಾರದು, ನನಗೆ ಸ್ಲೊವಾಕ್ ಬಾರದು. ನಡುವೆ ನನ್ನ ಮಗಳು. ಮಗಳು ಆ ಭಾಷೆಯನ್ನು ಸರಾಗವಾಗಿ ಮಾತನಾಡಿದ್ದನ್ನು ಕೇಳಿ ನಾನು ಬೆರಗಾದೆ. ಮನೆಯಲ್ಲಿ ಎರಡು ಮಾತಿಗೆ ಒಂದು ಮಾತು ಆಡುತ್ತಿದ್ದವಳು! ‘ಯಾವಾಗ ಕಲಿತೆ?’ ಎಂದೆ. ‘ಲಾಕ್‌ಡೌನಿನಲ್ಲಿ’ ಎಂದಳು.

ಆಗ ಕಥೆ ಹೊರಬಂತು. 2020ರ ಮಾರ್ಚ್‌ನಲ್ಲಿ ಅಳಿಯಂದಿರು ಅವರ ತಂದೆಗೆ ಹುಷಾರಿಲ್ಲವೆಂದು ಊರಿಗೆ ಬಂದವರು ವಿಮಾನ ನಿಂತು ಇಲ್ಲೇ ಸಿಕ್ಕಿಕೊಂಡಿದ್ದರು. ನಾಲ್ಕು ತಿಂಗಳು ಮಗಳು ಅಲ್ಲಿ ಒಬ್ಬಳೇ. ಅದು ನನಗೂ ಗೊತ್ತಿತ್ತು. ಗೊತ್ತಿರದಿದ್ದದ್ದು, ಏಪ್ರಿಲ್‌ನಲ್ಲಿ ಅವಳಿಗೆ ಎರಡು ವಾರ ಜ್ವರ ಬಂದಿತ್ತೆಂಬುದು. ಅಜ್ಜಿ ದಿನಾ ಬಾಗಿಲ ಮುಂದೆ ಸೂಪಿನ ಪಾತ್ರೆ ಇಟ್ಟು, ಬೆಲ್ ಒತ್ತಿ, ಮೆಟ್ಟಿಲ ಕೆಳಗೆ ನಿಂತು, ಅವಳು ಬಾಗಿಲು ತೆರೆದು ಪಾತ್ರೆ ತೆಗೆದುಕೊಳ್ಳುವುದನ್ನು ನೋಡಿ ಹೋಗುತ್ತಿದ್ದರಂತೆ. ಹಾಗೆ ದೂರದಲ್ಲಿ ನಿಂತು ಆಡಿದ ಮಾತಿನಿಂದಲೇ ಇವಳು ಭಾಷೆ ಕಲಿತದ್ದು. ‘ನನಗೆ ಯಾಕೆ ಹೇಳಲಿಲ್ಲ?’ ಎಂದು ಕೇಳಿದಾಗ ನನ್ನ ದನಿ ಒಡೆಯಿತು. ‘ನೀನು ಆಗ ಅಣ್ಣನ ಊರಲ್ಲಿ ಎಷ್ಟು ಕೇಸು ಅಂತ ಟೀವಿ ನೋಡ್ಕೊಂಡು ಅಳ್ತಿದ್ದೆ ಅಮ್ಮ. ಇನ್ನೊಂದು ಯಾಕೆ ಅಂತ’ ಎಂದಳು.

ನಿಜ. ದಿನಾ ರಾತ್ರಿ ಅಮೆರಿಕಕ್ಕೆ ಫೋನು ಮಾಡುತ್ತಿದ್ದೆ. ಇವಳು ‘ಚೆನ್ನಾಗಿದ್ದೀನಮ್ಮ’ ಎಂದರೆ ನಂಬಿ ಇಡುತ್ತಿದ್ದೆ. ನಲವತ್ತು ಮಕ್ಕಳ ತರಗತಿಯಲ್ಲಿ ಹಿಂದಿನ ಬೆಂಚಿನ ಸುಮ್ಮನಿರುವ ಹುಡುಗಿಯನ್ನು ಗಮನಿಸಬೇಕೆಂದು ಬಿ.ಎಡ್.ನಲ್ಲಿ ಕಲಿಸಿದ್ದರು. ಇಬ್ಬರೇ ಇದ್ದ ಮನೆಯಲ್ಲಿ ನಾನು ಗಮನಿಸಲಿಲ್ಲ.

ಅಜ್ಜಿ ನನ್ನ ಕಣ್ಣು ಒದ್ದೆಯಾದದ್ದು ನೋಡಿ ಏನೆಂದು ಕೇಳಲಿಲ್ಲ. ಮಾತು ಬದಲಿಸಲೆಂದೋ ಏನೋ, ತಮ್ಮ ಕಪಾಟಿನಿಂದ ಅರ್ಧ ಉರಿದ ಒಂದು ಮೇಣದಬತ್ತಿ ತಂದು ತೋರಿಸಿದರು. 1988ರ ಮಾರ್ಚ್ 25, ಶುಕ್ರವಾರ ಸಂಜೆ. ಕಮ್ಯುನಿಸ್ಟರ ಆಳ್ವಿಕೆ. ಪೂಜೆಯ ಸ್ವಾತಂತ್ರ್ಯ ಬೇಕು, ನಾಗರಿಕರ ಹಕ್ಕು ಬೇಕು ಎಂದು ಸಾವಿರಾರು ಜನ ಈ ಊರಿನ ಚೌಕದಲ್ಲಿ ಮೇಣದಬತ್ತಿ ಹಿಡಿದು ಅರ್ಧ ಗಂಟೆ ಸುಮ್ಮನೆ ನಿಂತರು. ಘೋಷಣೆಯಿಲ್ಲ, ಕಲ್ಲಿಲ್ಲ. ಮಳೆ ಬರುತ್ತಿತ್ತು, ಕೊಡೆಯಡಿಯಲ್ಲಿ ದೀಪ ಹಿಡಿದಿದ್ದರು. ಪೊಲೀಸರು ನೀರಿನ ಫಿರಂಗಿ ಬಿಟ್ಟು, ಲಾಠಿ ಬೀಸಿ ಚದುರಿಸಿದರು. ಮುಂದಿನ ವರ್ಷ, 1989ರ ನವೆಂಬರಿನಲ್ಲಿ, ಆ ಸರಕಾರವೇ ರಕ್ತಪಾತವಿಲ್ಲದೆ ಬಿದ್ದುಹೋಯಿತು. ಅಜ್ಜಿ ಅಂದು ಆ ಗುಂಪಿನಲ್ಲಿದ್ದರು. ‘ಹೆದರಿಕೆಯಾಗಲಿಲ್ಲವೇ?’ ಎಂದು ಕೇಳಿಸಿದೆ. ‘ಆಯಿತು. ಬತ್ತಿ ಆರದ ಹಾಗೆ ನೋಡಿಕೊಳ್ಳುವ ಕೆಲಸವಿತ್ತು, ಆದ್ದರಿಂದ ನಿಂತೆ’ ಎಂದರಂತೆ. ಇದು ಐದನೆಯ ಕಾರಣ. ಗಾಂಧೀಜಿಯವರ ಪಾಠ ಮಾಡುವವರು ಆ ಚೌಕದಲ್ಲಿ ಐದು ನಿಮಿಷ ನಿಂತು ಬರಬೇಕು.

ಆಮೇಲೆ ಅಜ್ಜಿ ನನ್ನನ್ನು ಕೇಳಿದರು, ನಿಮ್ಮ ಊರು ಯಾವುದು? ನನ್ನ ಬಾಯಿಯಿಂದ ತಟಕ್ಕನೆ ಬಂದದ್ದು: ‘ಬ್ಯಾಂಗಲೋರ್.’

ಮಗಳು ನನ್ನ ಮುಖ ನೋಡಿದಳು. ಒಂದು ಕ್ಷಣ ನಾವಿಬ್ಬರೂ ಸುಮ್ಮನಿದ್ದು, ಆಮೇಲೆ ನಗಲು ಶುರುಮಾಡಿದರೆ ನಿಲ್ಲಿಸಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ‘ಭಾಷಣ ಎಲ್ಲಿ ಹೋಯ್ತಮ್ಮ? ತಟ್ಟೆ ಇಡ್ಲಿ ಎಲ್ಲಿ ಹೋಯ್ತು?’ ಎಂದಳು. ಅಜ್ಜಿಗೆ ಎಲ್ಲವನ್ನೂ ವಿವರಿಸಿ ಹೇಳಿದ ಮೇಲೆ ಅವರೂ ನಕ್ಕು, ಫೋನಿನ ನಕ್ಷೆಯಲ್ಲಿ ತುಮಕೂರು ತೋರಿಸಿಕೊಂಡು, ‘ತುಮ್ಕುರ್, ತುಮ್ಕುರ್’ ಎಂದು ಎರಡು ಸಲ ಬಾಯಿಪಾಠ ಮಾಡಿದರು. ಮಾರನೆಯ ದಿನ ಅವರ ನೀಲಿ ಗಸಗಸೆಯಲ್ಲೇ ನಾನು ಪಾಯಸ ಮಾಡಿಕೊಟ್ಟೆ. ಬೂದು ಬಣ್ಣಕ್ಕೆ ತಿರುಗಿತು, ರುಚಿಗೇನೂ ಮೋಸವಾಗಲಿಲ್ಲ.

ವಿಯೆನ್ನಾಕ್ಕೂ ಹೋದೆವು, ಇಲ್ಲವೆನ್ನುವುದಿಲ್ಲ. ರೈಲಿನಲ್ಲಿ ಒಂದು ಗಂಟೆ. ಅರಮನೆ ಅರಮನೆಯೇ, ಚೆನ್ನಾಗಿಲ್ಲವೆಂದರೆ ನಾಲಿಗೆಗೆ ಹುಳ ಬಿದ್ದೀತು. ಆದರೆ ಸಾಲಿನಲ್ಲಿ ನಿಂತು, ಜನರ ಭುಜದ ಸಂದಿಯಿಂದ ನೋಡಿ, ಕಾಲು ನೋಯಿಸಿಕೊಂಡು ಸಂಜೆಯ ರೈಲಿನಲ್ಲಿ ಮರಳುವಾಗ, ದೂರದಲ್ಲಿ ಆ ಮೇಜಿನಂಥ ಕೋಟೆ ಕಂಡಿತು. ‘ಬಂತು ನಮ್ಮೂರು’ ಎಂದೆ. ಬೆಂಗಳೂರಿನ ಮದುವೆ ಮುಗಿಸಿ ಬರುವಾಗ ಕ್ಯಾತ್ಸಂದ್ರ ದಾಟಿದ ಕೂಡಲೇ ಎನ್ನುವ ಹಾಗೆಯೇ ಅಂದೆ. ಮಗಳು ಕಿಟಕಿಯ ಕಡೆ ತಿರುಗಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ನಾನು ಕೇಳಲಿಲ್ಲ.

ಊರಿಗೆ ಬಂದ ಮೇಲೆ ನನಗೆ ಶಿರಾ ನೆನಪಾಯಿತು. ನನ್ನ ತವರು ಹಿರಿಯೂರು. ಮದುವೆಯಾದಂದಿನಿಂದ ತುಮಕೂರು ಬಿಟ್ಟು ತವರಿಗೆ ಹೋಗುವಾಗಲೆಲ್ಲ ಶಿರಾ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದಲೇ ಬಿಸಿ ಕಡಲೆಕಾಯಿ ಕೊಂಡಿದ್ದೇನೆ, ಇಳಿದಿಲ್ಲ. ಅದೂ ಒಂದು ರಾಜಧಾನಿ ಎಂದು ಮಕ್ಕಳಿಗೆ ಹೇಳಿಕೊಡುವವಳೂ ನಾನೇ! 1687ರಲ್ಲಿ ಮೊಗಲರು ತಮ್ಮ ದಕ್ಷಿಣದ ಸುಬಾಕ್ಕೆ ಶಿರಾವನ್ನು ರಾಜಧಾನಿ ಮಾಡಿದರು. ಪೆನುಗೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಲ್ಲಾ ಅದರ ಕೈಕೆಳಗೆ. ಮೊದಲ ಸುಬೇದಾರ ಖಾಸಿಂ ಖಾನ್ ಬೆಂಗಳೂರನ್ನು ಹಿಡಿದು, ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಬಿಟ್ಟುಕೊಟ್ಟವನು. ಬೆಂಗಳೂರನ್ನು ಮಾರಿದವರು ನಮ್ಮ ಕಡೆಯವರು ಎಂದಾಗ ತರಗತಿಯಲ್ಲಿ ಎದ್ದ ನಗು ಇನ್ನೂ ಕಿವಿಯಲ್ಲಿದೆ. ಮರಿಯಾ ಥೆರೇಸಾ ಕುದುರೆ ಏರಿ ಕತ್ತಿ ಝಳಪಿಸಿದ 1741ರಲ್ಲಿ ನಮ್ಮ ಶಿರಾದಲ್ಲಿ ದಿಲಾವರ್ ಖಾನ್ ಆಳುತ್ತಿದ್ದ. ಶ್ರೀರಂಗಪಟ್ಟಣದ ಅರಮನೆಗೆ ಅವನ ಅರಮನೆಯೇ ಮಾದರಿಯಾಯಿತೆಂದೂ, ಇಲ್ಲಿನ ಖಾನ್ ಬಾಗ್ ತೋಟ ನೋಡಿಯೇ ಲಾಲ್‌ಬಾಗಿನ ಯೋಚನೆ ಬಂದಿರಬೇಕೆಂದೂ ಹಳೆಯ ಗ್ಯಾಸೆಟಿಯರ್ ಹೇಳುತ್ತದೆ. ಟಿಪ್ಪುವಿನ ಕಾಲದಲ್ಲಿ ಹನ್ನೆರಡು ಸಾವಿರ ಕುಟುಂಬಗಳನ್ನು ಶಿರಾದಿಂದ ಎಬ್ಬಿಸಿ ಶ್ರೀರಂಗಪಟ್ಟಣದ ಗಂಜಾಮಿಗೆ ಸಾಗಿಸಿದರಂತೆ. ಊರು ಬಡವಾಯಿತು.

ನಮ್ಮ ಶಾಲೆಯ ಪ್ರವಾಸ ಪ್ರತಿ ವರ್ಷ ಮೈಸೂರಿಗೆ. ಆ ವರ್ಷ ನಾನು ಒಂಬತ್ತನೇ ತರಗತಿಯ ಹುಡುಗಿಯರನ್ನು ಐವತ್ತೇ ಕಿಲೋಮೀಟರು ದೂರದ ಶಿರಾಕ್ಕೆ ಕರೆದುಕೊಂಡು ಹೋಗುತ್ತೇನೆಂದು ಹಟ ಹಿಡಿದೆ. ಮೊದಮೊದಲು ಮಕ್ಕಳು ಮುಖ ಊದಿಸಿದರು, ‘ಅಲ್ಲೇನಿದೆ ಮಿಸ್?’ ಎಂದರು. 1651ರ ಮಲಿಕ್ ರಿಹಾನನ ಗೋರಿ, 1696ರ ಕಲ್ಲಿನ ಜುಮ್ಮಾ ಮಸೀದಿ, ಕೋಟೆಯ ಅಳಿದುಳಿದ ಗೋಡೆ ತೋರಿಸಿದೆ. ಕಲ್ಲಿನ ಮೇಲೆ ಕೈಯಾಡಿಸಿ ನೋಡಿ ಎಂದೆ. ಆಮೇಲೆ ಕಗ್ಗಲಡುವಿಗೆ ಹೋಗಿ ಊರ ನಡುವಿನ ಹುಣಸೆಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ನೋಡಿದೆವು. ಎಲ್ಲಿಂದಲೋ ಹಾರಿ ಬರುವ ಆ ಹಕ್ಕಿಗಳಿಗೆ ಈ ಊರು ಯಾವ ದೊಡ್ಡ ಊರಿನ ಹತ್ತಿರವಿದೆ ಎಂಬ ಚಿಂತೆ ಇದ್ದಂತೆ ಕಾಣಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂರುವ, ಶಿರಾ ಕಡೆಯ ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿರುವ ಒಬ್ಬ ಹುಡುಗಿ ಅಂದು ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದಳು. ಬಸ್ಸು ಹತ್ತುವಾಗ ನನ್ನ ಹತ್ತಿರ ಬಂದು, ‘ಮಿಸ್, ಇದು ನಮ್ಮೂರಿನ ಹತ್ತಿರ’ ಎಂದಳು.

ಅಂದು ರಾತ್ರಿ ಮಗಳಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಈಗ ಮೊದಲು ಅವಳಿ‍ಗೇ ಮಾಡುವುದು; ಅಮೆರಿಕದವನಿಗೆ ಅಲ್ಲಿ ಬೆಳಗಾದ ಮೇಲೆ ಮಾಡಿದರಾಯಿತು. ಪಕ್ಕದಲ್ಲಿ ಯಾರೋ ಏನೋ ಕೇಳಿದ ಸದ್ದಾಯಿತು. ‘ಯಾರೇ?’ ಎಂದೆ. ‘ಅಜ್ಜಿ ಅಮ್ಮ. ತುಮ್ಕುರ್‌ನಲ್ಲಿ ಮಳೆ ಬಂತಾ ಅಂತ ಕೇಳ್ತಿದಾರೆ.’

‘ಇನ್ನೂ ಇಲ್ಲ, ಬಿಸಿಲು ಅಂತ ಹೇಳು’ ಎಂದೆ.